ಇಂದಿನ ಧಮ್ಮ ಚಿಂತನೆ: ಹಳೆಯ ಕ್ಯಾಸೆಟ್ಟು, ಬೆಟ್ಟದ ನಂದಿ



ಪಾಲಿಯಲ್ಲಿ 'ನಂದಿ' ಎಂದರೆ ಬಸವನಲ್ಲ. ಸುಖದ ರುಚಿ ಹತ್ತಿದ ಮನಸ್ಸು ಅದನ್ನೇ ಮೆಲುಕು ಹಾಕುತ್ತ ಕೂರುವುದಕ್ಕೆ ಆ ಹೆಸರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ದೊಡ್ಡ ನಂದಿಯ ಹತ್ತಿರ ಸುಸ್ತಾಗಿ ಕೂರುತ್ತೇವಲ್ಲ, ಅಲ್ಲಿ ಈ ಅರ್ಥ ನೆನಪಾಗಿ ಎಷ್ಟೋ ಸಲ ನಕ್ಕಿದ್ದೇನೆ.

ಕಳೆದ ಭಾನುವಾರ ಅಲ್ಲೇ ಯಾರೋ ಮೊಬೈಲಿನಲ್ಲಿ 'ನಿತ್ಯೋತ್ಸವ' ಹಾಕಿದರು. 1978ರ ಧ್ವನಿಸುರುಳಿ. ಕೆ.ಎಸ್. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. ನನ್ನ ವಯಸ್ಸಿನವರಿಗೆ ಆ ಕ್ಯಾಸೆಟ್ಟೆಂದರೆ ಪ್ರಾಣ. ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಕೇಳುತ್ತಿದ್ದೆವು. ಟೇಪ್ ರೆಕಾರ್ಡರ್ ನಮ್ಮದಲ್ಲ, ಬೀದಿಗೆಲ್ಲ ಇದ್ದದ್ದು ಒಂದೇ. "ಆ ಕಾಲವೇ ಕಾಲ ಕಣಪ್ಪ" ಎಂದರು ಜೊತೆಗಿದ್ದ ಹಿರಿಯರು. ನನಗೂ ಗಂಟಲು ಕಟ್ಟಿತು.

ಯಾವ ಕಾಲ? ಹಾಡು ಬರುವ ಐದು ವರ್ಷ ಮೊದಲು, 1973ರ ನವೆಂಬರಿನಲ್ಲಿ, ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅದಕ್ಕೆ ನಾಡೆಲ್ಲ ಗಲಾಟೆಯಾಯಿತು. ನಮ್ಮ ವಿದ್ಯಾರ್ಥಿಗಳು ಏಟು ತಿಂದರು, ಅವರ ಮಂತ್ರಿಗಿರಿ ಹೋಯಿತು. ಹಳ್ಳಿಯ ಹೋಟೆಲುಗಳಲ್ಲಿ ನಮಗೆ ಬೇರೆ ಲೋಟ. ಹಾಡಿನಲ್ಲಿ ಜೋಗ, ತುಂಗೆ, ಸಹ್ಯಾದ್ರಿ ಎಲ್ಲ ಬರುತ್ತವೆ, ನಮ್ಮ ಕೇರಿ ಬರುವುದಿಲ್ಲ. ಆದರೂ ಅದನ್ನು ನಮ್ಮ ಹಾಡೆಂದೇ ಹಾಡಿದೆವು. ಅದೇನೂ ತಪ್ಪಲ್ಲ. ಕನ್ನಡ ಯಾರಪ್ಪನ ಮನೆಯದೂ ಅಲ್ಲ.

ಮಜ್ಝಿಮ ನಿಕಾಯದ ಭದ್ದೇಕರತ್ತ ಸುತ್ತದಲ್ಲಿ ಕಳೆದುಹೋದದ್ದರ ಬೆನ್ನು ಹತ್ತಬೇಡಿ ಎಂದು ಭಗವಾನರು ಹೇಳುತ್ತಾರೆ. ಹಳೆಯದನ್ನು ನೆನೆಯಲೇಬಾರದು ಎಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೆನ್ನು ಹತ್ತುವುದೆಂದರೇನು ಎಂದು ಸುತ್ತವೇ ಬಿಡಿಸಿ ಹೇಳುತ್ತದೆ: ಹಿಂದೆ ನನ್ನ ರೂಪ ಹೀಗಿತ್ತು, ನನ್ನ ವೇದನೆ ಹೀಗಿತ್ತು ಎಂದು ಅದರಲ್ಲಿ ನಂದಿಯನ್ನು ತಂದುಕೊಳ್ಳುವುದು. ನೆನಪು ಬೇರೆ, ನಂದಿ ಬೇರೆ. ನಾವು ದಿನಾ ಅಭ್ಯಾಸ ಮಾಡುವ 'ಸತಿ' ಎಂಬ ಮಾತಿನ ಮೂಲ ಅರ್ಥವೇ ಸ್ಮೃತಿ. ಸತಿ ಇದ್ದವನಿಗೆ ಹಾಡಿನ ಜೊತೆ ಆ ಬೇರೆ ಲೋಟವೂ ನೆನಪಾಗುತ್ತದೆ. ನಂದಿ ಹಾಡನ್ನಷ್ಟೇ ಇಟ್ಟುಕೊಂಡು ಲೋಟವನ್ನು ಮರೆಸುತ್ತದೆ. "ಹಿಂದೆ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದೆವು, ಈಗ ಈ ಜಾತಿ ಮಾತು ಯಾಕೆ" ಎನ್ನುವವರ ಬಾಯಿಗೆ ಸಿಗುವುದು ಇಂಥ ಅರ್ಧ ನೆನಪೇ. ನಮ್ಮ ಮಕ್ಕಳೂ ಅದನ್ನು ನಂಬಿಬಿಟ್ಟರೆ ಬಾಬಾಸಾಹೇಬರು 1956ರಲ್ಲಿ ಯಾಕೆ ಧಮ್ಮ ದೀಕ್ಷೆ ತೆಗೆದುಕೊಂಡರು ಎಂಬುದೇ ಅವರಿಗೆ ತಿಳಿಯುವುದಿಲ್ಲ.

ಹಾಗೆಂದು ಹಾಡು ಬಿಡಬೇಕಿಲ್ಲ. ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖ ವೀಣೆ ನುಡಿಸಿ ಪ್ರೇಮಗೀತೆಯನ್ನೇ ಹಾಡುತ್ತಾನೆ. ಭಗವಾನರು ಗದರುವುದಿಲ್ಲ, ತಂತಿಗೂ ಕಂಠಕ್ಕೂ ಹೊಂದಿಕೆಯಾಗಿದೆ ಎಂದು ಮೆಚ್ಚುತ್ತಾರೆ. ಬಾಬಾಸಾಹೇಬರೂ ಇಳಿವಯಸ್ಸಿನಲ್ಲಿ ಪಿಟೀಲು ಕಲಿತವರು.

ಇನ್ನೊಂದು ವಿಷಯ. ಅಶೋಕನ ಕಾಲದಲ್ಲಿ ಮಹಾದೇವ ಥೇರರು ಮಹಿಷಮಂಡಲಕ್ಕೆ ಬಂದು ದೇವದೂತ ಸುತ್ತವನ್ನು ಬೋಧಿಸಿದರು ಎಂದು ಮಹಾವಂಸ ಹೇಳುತ್ತದೆ. ಆ ಮಹಿಷಮಂಡಲ ನಮ್ಮ ಮೈಸೂರು ಸೀಮೆಯೇ ಎಂಬುದು ಹಲವು ವಿದ್ವಾಂಸರ ಮತ, ನರ್ಮದೆಯ ಕಡೆಗೆ ತೋರಿಸುವವರೂ ಇದ್ದಾರೆ. ಮುಪ್ಪು, ರೋಗ, ಸಾವು ನಮ್ಮನ್ನು ಎಚ್ಚರಿಸಲು ಬರುವ ದೂತರು ಎಂಬುದು ಆ ಸುತ್ತದ ಬೋಧನೆ. ಅನಂತಸ್ವಾಮಿಯವರು 1995ರಲ್ಲಿ ಹೋದರು. 2017ರಲ್ಲಿ ಇದೇ ಬೆಟ್ಟದ ಮೇಲೆ ದಸರಾ ಉದ್ಘಾಟಿಸಿದ ನಿಸಾರ್ ಅಹಮದರು 2020ರಲ್ಲಿ ಹೋದರು. ಮೊನ್ನೆ ಆ ಮೆಟ್ಟಿಲ ಮೇಲೆ ಹಾಡು ಕೇಳುತ್ತ ಏದುಸಿರು ಬಿಡುತ್ತಿದ್ದ ನಮ್ಮ ಮೊಣಕಾಲುಗಳೂ ದೂತರೇ.

ಇಂದಿನ ಅಭ್ಯಾಸ: ನಿಮಗೆ ಪ್ರಿಯವಾದ ಒಂದು ಹಳೆಯ ಹಾಡನ್ನು ಕಣ್ಣುಮುಚ್ಚಿ ಪೂರ್ತಿ ಕೇಳಿ. ಸುಖವಾದರೆ ಸುಖ ವೇದನೆ ಎಂದು ಗುರುತಿಸಿ. ಆಮೇಲೆ, ಅದನ್ನು ಮೊದಲು ಕೇಳಿದ ದಿನಗಳಲ್ಲಿ ನಿಮ್ಮ ಅವ್ವ ಯಾರ ಹೊಲದಲ್ಲಿ ಕೂಲಿಗೆ ಹೋಗಿದ್ದರು, ಸಂಜೆ ಎಷ್ಟು ತಂದರು ಎಂಬುದನ್ನು ಮನೆಯ ಮಕ್ಕಳಿಗೆ ಹೇಳಿ.

ಜೈಭೀಮ್. ನಮೋ ಬುದ್ಧಾಯ.