ಶ್ರದ್ಧೆಯೂ ನಿಷ್ಠೆಯೂ

ತಪ್ಪು ಮಾಡಿದವನಿಗೆ ದಂಡನೆಯಾಗುವುದು ನ್ಯಾಯ. ಆದರೆ ತಂದೆ ಸೆರೆಮನೆಯನ್ನು ಹೊಕ್ಕೊಡನೆ, ಯಾವ ತಪ್ಪನ್ನೂ ಅರಿಯದ ಮಗುವಿಗೂ ಶಿಕ್ಷೆ ಆರಂಭವಾಗುತ್ತದೆ. ಮನೆಯ ಸಂಪಾದನೆ ನಿಲ್ಲುತ್ತದೆ. ನೆರೆಯವರ ನೋಟ ಬದಲಾಗುತ್ತದೆ. ಶಾಲೆಯಲ್ಲಿ ತಂದೆಯ ಹೆಸರು ಹೇಳಲು ನಾಲಗೆ ಏಳದು. ನ್ಯಾಯಾಲಯ ವಿಧಿಸದ ಈ ಶಿಕ್ಷೆಯನ್ನು ವಿಧಿಸುವವರು ಯಾರು? ನೆರೆಹೊರೆಯ ಸಜ್ಜನರೇ ಅಲ್ಲವೇ? ಹಾಗಾದರೆ ಅದನ್ನು ತೊಡೆಯುವ ಹೊಣೆಯೂ ಅವರದೇ.

ಈ ಹೊಣೆಯನ್ನು ಧರ್ಮಶ್ರದ್ಧೆಯುಳ್ಳವರು ಹೊತ್ತುದಕ್ಕೆ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 2000ದಲ್ಲಿ ರೂಪುಗೊಂಡ ‘ಅಮಾಚಿ’ ಎಂಬ ಕಾರ್ಯ ಒಂದು ನಿದರ್ಶನ. 1984ರಿಂದ 1992ರವರೆಗೆ ಆ ನಗರದ ಮೇಯರಾಗಿದ್ದ ವಿಲ್ಸನ್ ಗುಡ್ ಅವರು ಅದರ ಮುಂದಾಳು. ಅವರ ತಂದೆಯೂ ಸೆರೆವಾಸ ಅನುಭವಿಸಿದ್ದರು. ಬಾಲಕನ ಕೈಹಿಡಿದು ವಿದ್ಯೆಯ ದಾರಿ ತೋರಿದವರು ಅವರ ಚರ್ಚಿನ ಗುರುದಂಪತಿಗಳು. ಗುಡ್ ಅವರು ಸೆರೆಮನೆಗಳಿಗೇ ಹೋಗಿ, ಬಂದಿಗಳಾದ ತಾಯಿತಂದೆಗಳಿಂದಲೇ ಮಕ್ಕಳ ಹೆಸರುಗಳನ್ನು ಕೇಳಿ ಪಡೆದರು. ಚರ್ಚುಗಳು ಸ್ವಯಂಸೇವಕರನ್ನು ಒದಗಿಸಿದವು. ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ ಅವರ ಪೂರ್ವಾಪರವನ್ನು ವಿಚಾರಿಸಿ, ತರಬೇತಿ ಕೊಟ್ಟು, ಮಗುವಿಗೊಬ್ಬರಂತೆ ಜೊತೆಗೂಡಿಸಿತು. ಕನಿಷ್ಠಪಕ್ಷ ಒಂದು ವರ್ಷ, ವಾರಕ್ಕೆ ಒಂದು ಗಂಟೆಯಾದರೂ ಮಗುವಿನೊಡನೆ ಕಳೆಯಬೇಕೆಂಬುದು ನಿಯಮ.

ವಾರಕ್ಕೊಂದು ಗಂಟೆ ಅಲ್ಪವೆಂದು ತೋರಬಹುದು. ಆದರೆ ಕಠಿಣವಾದುದು ಗಂಟೆಯಲ್ಲ, ವರ್ಷ. ತಂದೆಯನ್ನು ಒಮ್ಮೆ ಕಳೆದುಕೊಂಡ ಮಗು, ಬಂದವರು ಹೋಗಿಯೇ ಹೋಗುವರೆಂದು ಎಣಿಸಿರುತ್ತದೆ. ಕೆಲವೇ ತಿಂಗಳಲ್ಲಿ ಮುರಿದುಬಿದ್ದ ಇಂತಹ ಸಖ್ಯ ಮಗುವಿಗೆ ಹಿತಕ್ಕಿಂತ ಅಹಿತವನ್ನೇ ಮಾಡಬಲ್ಲದೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಷಟ್ಸ್ಥಲದಲ್ಲಿ ಭಕ್ತನಿಗೆ ಶ್ರದ್ಧೆಯನ್ನೂ ಅವನ ಮುಂದಣ ಮಾಹೇಶ್ವರನಿಗೆ ನಿಷ್ಠೆಯನ್ನೂ ಹೇಳಿರುವುದರ ಮರ್ಮ ಇಲ್ಲಿ ವಿಶದವಾಗುತ್ತದೆ. ಮಗುವಿನ ಬಾಗಿಲಿಗೆ ಒಮ್ಮೆ ಕರೆತರುವುದು ಶ್ರದ್ಧೆ; ಮಳೆ ಬರಲಿ, ಮನೆಗೆಲಸವಿರಲಿ, ಮಗು ಮುಖ ತಿರುಗಿಸಲಿ, ಮರುವಾರವೂ ಅಲ್ಲಿಗೇ ಕರೆದೊಯ್ಯುವುದು ನಿಷ್ಠೆ.

ಇನ್ನೊಂದು ಸಂದೇಹವುಂಟು: ಇದು ಮಗುವನ್ನು ಸ್ವಮತಕ್ಕೆ ಸೆಳೆಯುವ ಉಪಾಯವಾಗದೇ? ಆಗಬಹುದು, ಆಗ ಅದು ಸೇವೆಯಲ್ಲ, ವ್ಯಾಪಾರ. ಕೊಟ್ಟೆನೆಂಬ ಭಾವವಿದ್ದರೆ ಅದು ದಾನವಾದೀತು, ದಾಸೋಹವಾಗದು. ಪ್ರತಿಫಲವಾಗಿ ಮಗುವಿನ ನಂಬಿಕೆಯನ್ನು ಬೇಡುವವನು ಹಸಿದವನ ಮುಂದೆ ಅನ್ನವಿಟ್ಟು ಬೆಲೆ ಕೇಳಿದಂತೆ. ತಂದೆಯನ್ನು ನಿಂದಿಸುವುದೂ ಸಲ್ಲದು, ಅವನ ಸ್ಥಾನವನ್ನು ಆಕ್ರಮಿಸುವುದೂ ಸಲ್ಲದು. ಅಪರಾಧಿಯಾದರೂ ಆತ ಆ ಮಗುವಿಗೆ ತಂದೆಯೇ.

ಹೀಗಿರಲು, ಸದ್ಭಕ್ತರಾದವರು ತಮ್ಮ ಓಣಿಯ ಇಂತಹ ಮಗುವನ್ನು ಕಂಡಾಗ ತಂದೆಯ ಅಪರಾಧವೇನೆಂದು ಕೇಳುವುದನ್ನು ಬಿಟ್ಟು, ಮಗುವಿನ ಪಾಠವೇನೆಂದು ಕೇಳಲಿ. ಮುಂದಿನ ವಾರವೂ ಮರೆಯದೆ ಕೇಳಲಿ.