ಇಂದಿನ ಧಮ್ಮ ಚಿಂತನೆ: ಅಪರಿಚಿತ ಗಾಯಕ

 

ಧರ್ಮಪುರದ ನಮ್ಮ ಬಳಗದ ಉಪಾಸಿಕೆಯೊಬ್ಬರು, ಏಪ್ರಿಲ್ 14ರ ಜಯಂತಿಗಳಲ್ಲಿ ತಂದೆ ತಮಟೆ ಬಡಿದು ಹಾಡಿದ ಭೀಮಗೀತೆಗಳ ಕ್ಯಾಸೆಟ್ಟನ್ನು ಎಂಪಿ3 ಮಾಡಿಸಿ ಇಟ್ಟುಕೊಂಡಿದ್ದರು. ಮೊನ್ನೆ ಮಗ ಹಾಡಿನ ಆ್ಯಪ್ ಒಂದಕ್ಕೆ ತಿಂಗಳ ಚಂದಾ ಕಟ್ಟಿ ಅವನ್ನೆಲ್ಲ ಅದಕ್ಕೆ ಏರಿಸಿದ. ಹೆಸರು ಹೋಲುತ್ತದೆಂದು ಆ್ಯಪ್ ತನ್ನಲ್ಲಿದ್ದ ಹಾಡನ್ನು ಜೋಡಿಸಿಕೊಂಡಿತು. ತಾತನ ಹಾಡು ಒತ್ತಿದರೆ ಯಾರದೋ ಸ್ಟುಡಿಯೋ ದನಿ! ಉಳಿದವುಗಳ ಮೇಲೆ "ಅಪರಿಚಿತ ಗಾಯಕ" ಎಂದಿತ್ತು. ಮೆಮೊರಿ ಸಾಲದೆಂದು ಮೂಲ ಫೈಲುಗಳನ್ನು ಅಳಿಸಲು ಹೊರಟಿದ್ದವನನ್ನು ತಾಯಿ ತಡೆದರು.

"ಎಲ್ಲವೂ ಅನಿಚ್ಚ ಅಲ್ವೇನಕ್ಕ, ಹೋದ್ರೆ ಹೋಗ್ಲಿ ಬಿಡಿ" ಎಂದರು ಬಳಗದಲ್ಲೊಬ್ಬರು. ಇದು ಸೋಮಾರಿತನಕ್ಕೆ ಧಮ್ಮದ ಹೆಸರಿಟ್ಟಂತೆ. ಅನಿಚ್ಚವನ್ನು ಕಲಿಸಿದ ಬುದ್ಧರೇ ಪರಿನಿಬ್ಬಾಣದ ಹೊತ್ತಿನಲ್ಲಿ ಅಪ್ಪಮಾದವನ್ನು, ಅಂದರೆ ಎಚ್ಚರವನ್ನು, ಬಿಡಬೇಡಿ ಎಂದರು. ಬಾಬಾಸಾಹೇಬರ ಪುಸ್ತಕಗಳು 1917ರಲ್ಲಿ ಲಂಡನ್ನಿನಿಂದ ಬೇರೊಂದು ಹಡಗಿನಲ್ಲಿ ಬರುತ್ತಿದ್ದಾಗ ಜರ್ಮನ್ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿತು. ಅವರು ಕೈಕಟ್ಟಿ ಕೂರಲಿಲ್ಲ. ಮತ್ತೆ ಕೂಡಿಸಿದರು, ದಾದರಿನಲ್ಲಿ ಆ ಪುಸ್ತಕಗಳಿಗೂ ಜಾಗವಾಗುವಂಥ ಮನೆ ಕಟ್ಟಿಸಿ ರಾಜಗೃಹ ಎಂದು ಹೆಸರಿಟ್ಟರು.

ಮಗಧದ ರಾಜಗೃಹದಲ್ಲಿ ಮೊದಲ ಸಂಗೀತಿ ಸೇರಿದಾಗ ಮಹಾಕಸ್ಸಪರು ಆನಂದರನ್ನು ಏನು ಕೇಳಿದರು? ಈ ಮಾತನ್ನು ಬುದ್ಧರು ಎಲ್ಲಿ ಹೇಳಿದರು, ಯಾರ ವಿಷಯವಾಗಿ ಹೇಳಿದರು ಎಂದು. ಸುತ್ತಗಳ ಮೊದಲಲ್ಲೇ ಸಾವತ್ಥಿ, ಜೇತವನ ಎಂದು ಊರು, ವಿಹಾರ ಬರುವುದನ್ನು ನೀವು ಗಮನಿಸಿರುತ್ತೀರಿ. ನಮ್ಮ ಹಾಡಿಗೂ ಅಷ್ಟು ಬೇಡವೇ? ಊರು ನಮ್ಮ ಹಿರಿಯರನ್ನು ಹೆಸರು ಹಿಡಿದು ಕರೆಯದೆ ಜಾತಿ ಹಿಡಿದು ಕೂಗಿದ ಕಾಲ ದೂರವೇನಿಲ್ಲ. ಹಾಗಿರುವಾಗ ಅವರ ದನಿಯ ಮೇಲೆ "ಅಪರಿಚಿತ" ಎಂದಿದ್ದರೆ ನಾವು ಸುಮ್ಮನಿರಬಹುದೇ?

ಚಂದಾ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಬಾಡಿಗೆಯದು, ಚಂದಾ ನಿಂತರೆ ಅದೂ ನಿಲ್ಲುತ್ತದೆ. ಫೈಲ್ ಮ್ಯಾನೇಜರ್ ತೆರೆದು ನೋಡಿ: ಅಲ್ಲಿ ಎಂಪಿ3 ಆಗಿ ಕಾಣುವುದು ನಿಮ್ಮದು. ಅದನ್ನು ಮೊದಲು ಪೆನ್‌ಡ್ರೈವ್‌ಗೆ ಒಂದು, ಬೇರೆ ಮನೆಯ ಕಂಪ್ಯೂಟರ್‌ಗೆ ಒಂದು ನಕಲು ಮಾಡಿ. ಆಮೇಲೆ ಹಾಡಿದವರ ಹೆಸರು, ಊರು, ವರ್ಷ ಫೈಲಿನಲ್ಲೇ ಬರೆಯಿರಿ. ಆ್ಯಪ್ ಬೇಕಾದರೆ ಇರಲಿ, ಹೊಸ ಹಾಡು ಕೇಳಲು ಒಳ್ಳೆಯದೇ.

ಆ ಉಪಾಸಿಕೆ ಈಗ ಎಲ್ಲ ಹಾಡಿಗೂ ತಂದೆಯ ಹೆಸರು ಬರೆದಿದ್ದಾರೆ. ಎರಡರಲ್ಲಿ ಸೊಲ್ಲು ಹಿಡಿದ ಹೆಣ್ಣುಮಗಳು ಯಾರೆಂದು ಗೊತ್ತಾಗಿಲ್ಲ. ಈ ಭಾನುವಾರ ಕೇರಿಯ ಅಜ್ಜಿಯರಿಗೆ ಕೇಳಿಸುತ್ತೇವೆ, ನೀವೂ ಬನ್ನಿ.

ಜೈ ಭೀಮ್.