ಯಾಪ್ಯ ವ್ಯಾಧಿಯೂ ಪ್ರಜ್ಞಾಪರಾಧವೂ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಆಸ್ತಮಾವನ್ನು ಬಹುಮಟ್ಟಿಗೆ ಹೋಲುವ ತಮಕಶ್ವಾಸವನ್ನು ವರ್ಣಿಸುತ್ತ, ಮಲಗಿದರೆ ಉಸಿರು ಕಟ್ಟುವ ರೋಗಿಗೆ ಎದ್ದು ಕುಳಿತಾಗ ಹಾಯೆನಿಸುತ್ತದೆಂದೂ ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಬಾಧೆ ಹೆಚ್ಚುತ್ತದೆಂದೂ ಹೇಳಿ, ಹೊಸದಾಗಿ ತೋರಿದ್ದನ್ನು ಬಿಟ್ಟರೆ ಉಳಿದುದನ್ನು ಯಾಪ್ಯ, ಅಂದರೆ ಬುಡಸಮೇತ ಕೀಳಲಾಗದಿದ್ದರೂ ಪಥ್ಯ ಮತ್ತು ಔಷಧಗಳಿಂದ ಹತೋಟಿಯಲ್ಲಿಡಬಹುದಾದ ವ್ಯಾಧಿ ಎಂದು ವರ್ಗೀಕರಿಸುತ್ತದೆ. ಇಲ್ಲೊಂದು ತಾತ್ತ್ವಿಕ ತೊಡಕಿದೆ. ಬುದ್ಧಿ, ಧೃತಿ, ಸ್ಮೃತಿಗಳು ಜಾರಿದಾಗ ಮನುಷ್ಯ ಎಸಗುವ ತಪ್ಪು ನಡೆಯಾದ ಪ್ರಜ್ಞಾಪರಾಧವನ್ನು ಅದೇ ಗ್ರಂಥ ರೋಗಕಾರಣವೆಂದು ಎಣಿಸುವುದರಿಂದ, ಉಬ್ಬಸ ಮರುಕಳಿಸಿದಾಗಲೆಲ್ಲ ರೋಗಿಯೇ ತಪ್ಪಿತಸ್ಥನಾಗುತ್ತಾನೆಯೇ? ಧೂಳು, ಹೊಗೆಗಳನ್ನೂ ಶ್ವಾಸರೋಗದ ಕಾರಣಗಳಲ್ಲಿ ಹೆಸರಿಸಿರುವಾಗ ಹಾಗೆನ್ನುವುದು ಅನ್ಯಾಯ. ದೇವರಕೋಣೆಯ ಊದುಬತ್ತಿ, ಲೋಬಾನ, ಕರ್ಪೂರಗಳ ಹೊಗೆ ಹಚ್ಚಿದವರ ಮೂಗಿಗಷ್ಟೇ ಸೀಮಿತವಾಗದೆ ಮನೆಯವರೆಲ್ಲರ ಎದೆಗೂ ಇಳಿಯುವುದರಿಂದ, ಅಪರಾಧವೆಂಬುದಿದ್ದರೆ ಅದು ಹಂಚಿಕೆಯಾಗಬೇಕು. ಎಲೆ, ಹೂ, ಹಣ್ಣು, ನೀರನ್ನು ಭಕ್ತಿಯಿಂದ ಅರ್ಪಿಸಿದರೆ ಸಾಕೆಂದು ಗೀತೆಯ 9ನೆಯ ಅಧ್ಯಾಯವೇ ಒಪ್ಪಿರುವಾಗ, ಉಬ್ಬಸದವರಿರುವ ಮನೆಯಲ್ಲಿ ಹೊಗೆಯನ್ನು ಕೈಬಿಡುವುದರಿಂದ ಪೂಜೆಗೆ ಲೋಪವೇನೂ ತಟ್ಟದು. ರೋಗಿಯ ಪಾಲಿಗೆ ಉಳಿಯುವ ಹೊಣೆ ಚಿಕ್ಕದು, ಆದರೆ ನಿತ್ಯದ್ದು: ಉಸಿರು ಸಲೀಸಾಗಿರುವ ದಿನಗಳಲ್ಲೂ ವೈದ್ಯರು ಸೂಚಿಸಿದ ಸ್ಟೀರಾಯ್ಡ್ ಇನ್‌ಹೇಲರನ್ನು ತಪ್ಪದೆ ಸೇದಿ, ಬಳಿಕ ಬಾಯಿ ಮುಕ್ಕಳಿಸುವುದು. ಅದನ್ನು ತಾನಾಗಿಯೇ ನಿಲ್ಲಿಸಿದರೆ ಶ್ವಾಸನಾಳದ ಉರಿಯೂತ ಮತ್ತೆ ಮರಳಬಹುದು.